ಬೈಬಲ್ ಕಾಲದ ದಾರಿಯಲ್ಲಿ ಜೊತೆಗಾರ ಯಾಕೆ ಅಷ್ಟು ಮುಖ್ಯ?

ಲೂಕನ ಸುವಾರ್ತೆಯ ಎರಡನೇ ಅಧ್ಯಾಯದಲ್ಲಿ ಒಂದು ಪ್ರಸಂಗ ಇದೆ. ಪಸ್ಕಹಬ್ಬ ಮುಗಿಸಿ ಯೊಸೇಫ ಮತ್ತು ಮರಿಯ ಯೆರೂಸಲೇಮಿನಿಂದ ಊರಿಗೆ ಹೊರಡುತ್ತಾರೆ. ಒಂದು ಇಡೀ ದಿನ ನಡೆದ ಮೇಲೆ ಗೊತ್ತಾಗುತ್ತದೆ, 12 ವರ್ಷದ ಮಗ ಯೇಸು ಜೊತೆಯಲ್ಲಿಲ್ಲ. ಮೊದಲ ಸಲ ಓದುವವರಿಗೆ ಇದು ವಿಚಿತ್ರ ಅನಿಸುತ್ತದೆ. ಬೆಳಿಗ್ಗೆಯಿಂದ ಸಂಜೆವರೆಗೆ ಮಗ ಎಲ್ಲಿದ್ದಾನೆ ಅಂತ ತಂದೆ ತಾಯಿ ನೋಡಲೇ ಇಲ್ವಾ?

ಉತ್ತರ ಆ ಕಥೆಯೊಳಗೇ ಇದೆ. ಮಗ ಗುಂಪಿನಲ್ಲೇ ಎಲ್ಲೋ ಇರಬೇಕು ಅಂದುಕೊಂಡು ನಡೆದರು, ಆಮೇಲೆ ನೆಂಟರಲ್ಲೂ ಗುರುತಿನವರಲ್ಲೂ ಹುಡುಕಿದರು ಅಂತ ಲೂಕ ಬರೆಯುತ್ತಾನೆ. ಅಂದರೆ ಆ ದಾರಿಯಲ್ಲಿ ಒಂದು ಪುಟ್ಟ ಸಂಸಾರ ನಡೆಯುತ್ತಿರಲಿಲ್ಲ, ಊರಿಗೆ ಊರೇ ನಡೆಯುತ್ತಿತ್ತು. ನಜರೇತಿನಿಂದ ಯೆರೂಸಲೇಮಿಗೆ ಯಾವ ದಾರಿ ಹಿಡಿದರೂ 100 ಕಿಲೋಮೀಟರ್‌ಗಿಂತ ಜಾಸ್ತಿ. ಸಮಾರ್ಯದ ಮೂಲಕ ಬೇಗ ಬೇಗ ಹೋದರೆ ಗಲಿಲಾಯದಿಂದ 3 ದಿನ ಅಂತ ಮೊದಲನೇ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್ ಲೆಕ್ಕ ಕೊಡುತ್ತಾನೆ. ಮಕ್ಕಳು, ಮುದುಕರು, ಕತ್ತೆಗಳು, ಅಡುಗೆ ಸಾಮಾನು ಎಲ್ಲ ಸೇರಿದರೆ ಇನ್ನೂ ನಿಧಾನ. ಅಂಥ ಗುಂಪಿನಲ್ಲಿ 12 ವರ್ಷದ ಹುಡುಗ ಹಗಲೆಲ್ಲ ಚಿಕ್ಕಪ್ಪನ ಮಕ್ಕಳ ಜೊತೆಯೋ ಪಕ್ಕದ ಮನೆಯವರ ಜೊತೆಯೋ ನಡೆಯುತ್ತಾನೆ. ಅವನನ್ನು ನೋಡಿಕೊಳ್ಳುವ ಕಣ್ಣು ಅಪ್ಪ ಅಮ್ಮನದು ಮಾತ್ರ ಅಲ್ಲ. ಅವರ ನಂಬಿಕೆ ಗುಂಪಿನ ಮೇಲೆ ಇತ್ತು.

ಬೈಬಲ್ಲಿನ ಪ್ರಯಾಣದ ಕಥೆಗಳನ್ನು ಅರ್ಥ ಮಾಡಿಕೊಳ್ಳೋಕೆ ಇದೇ ಬಾಗಿಲು ಅಂತ ನನಗನಿಸುತ್ತದೆ. ನಮಗೆ ಜೊತೆಗಾರ ಅಂದರೆ ದಾರಿಯಲ್ಲಿ ಮಾತಿಗೆ ಸಿಗುವವನು. ಆ ಕಾಲದಲ್ಲಿ ಅವನೇ ಕಾವಲು, ಅವನೇ ಸಾಕ್ಷಿ, ಅವನೇ ಗುರುತಿನ ಚೀಟಿ, ಎಷ್ಟೋ ಸಲ ಅವನೇ ಅಂಚೆ, ಮತ್ತು ದಾರಿಯಲ್ಲಿ ಸತ್ತರೆ ಮಣ್ಣು ಮಾಡುವವನೂ ಅವನೇ. ಯಾರ ಜೊತೆ ಯಾರು ಹೋದರು ಅನ್ನುವ ಉದ್ದದ ಹೆಸರಿನ ಪಟ್ಟಿ ಬಂದಾಗ ನಾವು ಸಾಮಾನ್ಯವಾಗಿ ಹಾರಿಸಿ ಮುಂದೆ ಓದುತ್ತೇವೆ. ಅಲ್ಲೇ ನಿಜವಾದ ವಿಷಯ ಇರುತ್ತದೆ.

ಗಲಿಲಾಯದವರು ಗುಂಪು ಕಟ್ಟಿಕೊಂಡು ಹೋಗೋಕೆ ಕಾರಣ ಭಕ್ತಿ ಮಾತ್ರ ಅಲ್ಲ. ನಡುವೆ ಸಮಾರ್ಯ ಇತ್ತು. ಸಮಾರ್ಯದವರಿಗೂ ಯೆಹೂದಿಗಳಿಗೂ ದೇವರನ್ನು ಯಾವ ಬೆಟ್ಟದಲ್ಲಿ ಆರಾಧಿಸಬೇಕು ಅನ್ನುವ ಹಳೇ ಜಗಳ. ಯೇಸುವಿನ ಗುಂಪು ಯೆರೂಸಲೇಮಿನ ಕಡೆ ಹೊರಟಿದೆ ಅಂತ ಗೊತ್ತಾಗಿ ಒಂದು ಸಮಾರ್ಯ ಹಳ್ಳಿ ಅವರನ್ನು ಸೇರಿಸಿಕೊಳ್ಳಲೇ ಇಲ್ಲ ಅಂತ ಲೂಕನ ಒಂಬತ್ತನೇ ಅಧ್ಯಾಯ ಹೇಳುತ್ತದೆ. ಇದು ಕೆಲವೊಮ್ಮೆ ರಕ್ತಪಾತದವರೆಗೂ ಹೋಗುತ್ತಿತ್ತು. ಕುಮಾನುಸ್ ಅನ್ನುವ ರೋಮನ್ ಅಧಿಕಾರಿಯ ಕಾಲದಲ್ಲಿ, ಅಂದರೆ ಸುಮಾರು ಕ್ರಿ.ಶ. 48ರಿಂದ 52ರ ನಡುವೆ, ಹಬ್ಬಕ್ಕೆ ಹೊರಟ ಗಲಿಲಾಯದವರ ಮೇಲೆ ಸಮಾರ್ಯದ ಗಡಿಯ ಹಳ್ಳಿಯೊಂದರಲ್ಲಿ ದಾಳಿ ಆಯಿತು ಅಂತ ಜೋಸೆಫಸ್ ಬರೆದಿದ್ದಾನೆ. ಅದರಿಂದ ಶುರುವಾದ ಗಲಾಟೆ ಕೊನೆಗೆ ರೋಮಿನ ಚಕ್ರವರ್ತಿಯ ಮುಂದೆ ವಿಚಾರಣೆಗೆ ಹೋಯಿತು.

ಕೀರ್ತನೆಗಳಲ್ಲಿ 120ರಿಂದ 134ರವರೆಗಿನ 15 ಹಾಡುಗಳಿಗೆ 'ಯಾತ್ರಾಗೀತೆ' ಅನ್ನುವ ತಲೆಬರಹ ಇದೆ. ಹಬ್ಬಕ್ಕೆ ಬೆಟ್ಟ ಹತ್ತುವವರು ಹಾಡುತ್ತಿದ್ದ ಹಾಡುಗಳು ಅಂತ ಬಹಳಷ್ಟು ಜನ ವಿದ್ವಾಂಸರು ಹೇಳುತ್ತಾರೆ. 121ನೇ ಕೀರ್ತನೆಯನ್ನು ದಾರಿಯಲ್ಲಿ ನಡೆಯುವವರ ಹಾಡು ಅಂತ ಓದಿ ನೋಡಿ. ಕಾಲು ಜಾರದಂತೆ ಕಾಯುವವನು, ನಿದ್ದೆ ಮಾಡದೆ ಕಾಯುವವನು, ಹಗಲಿನ ಬಿಸಿಲಿನಿಂದ ಕಾಯುವವನು. ದಾರಿಯ ಭಯಗಳೆಲ್ಲ ಅಲ್ಲಿ ಒಂದೊಂದಾಗಿ ಬರುತ್ತವೆ.

ಈಗ ಯೇಸು ಹೇಳಿದ ಒಳ್ಳೆಯ ಸಮಾರ್ಯದವನ ಕಥೆಗೆ ಬನ್ನಿ. ಒಬ್ಬ ಮನುಷ್ಯ ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿದು ಹೋಗುತ್ತಿದ್ದ, ಕಳ್ಳರ ಕೈಗೆ ಸಿಕ್ಕಿದ. ಆ 'ಇಳಿದು' ಅನ್ನುವುದು ಅಕ್ಷರಶಃ ನಿಜ. ಯೆರೂಸಲೇಮ್ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ, ಯೆರಿಕೋ ಸಮುದ್ರಮಟ್ಟಕ್ಕಿಂತ ಸುಮಾರು 250 ಮೀಟರ್ ಕೆಳಗಿದೆ. ಬರೀ 25 ಕಿಲೋಮೀಟರ್ ಚಿಲ್ಲರೆ ದಾರಿಯಲ್ಲಿ 1000 ಮೀಟರ್ ಇಳಿಜಾರು. ಸುತ್ತ ಬೋಳು ಬೆಟ್ಟ, ಕೊರಕಲು, ತಿರುವು. ಅಡಗಿ ಕೂರೋಕೆ ಬೇಕಾದಷ್ಟು ಜಾಗ. ಈ ಕಥೆ ಕೇಳಿದ ಅಂದಿನ ಜನಕ್ಕೆ ಮೊದಲು ತಲೆಗೆ ಬಂದಿರಬಹುದಾದ ಪ್ರಶ್ನೆ 'ಅಯ್ಯೋ, ಒಬ್ಬನೇ ಯಾಕೆ ಹೋದ?' ಅಂತ. ಆ ಕಥೆಯಲ್ಲಿ ಅವನನ್ನು ನೋಡಿಯೂ ನಿಲ್ಲದೆ ದಾಟಿ ಹೋದ ಯಾಜಕನೂ ಒಬ್ಬನೇ, ದೇವಾಲಯದ ಸೇವೆಯ ಲೇವಿಯನೂ ಒಬ್ಬನೇ. ನಿಂತರೆ ತಮ್ಮ ಗತಿಯೂ ಅದೇ ಆದೀತು ಅನ್ನುವ ಭಯ ಅವರಿಗೆ ಇದ್ದಿರಬಹುದು. ಹಾಗಂತ ಅವರು ಮಾಡಿದ್ದು ಸರಿ ಅಂತಲ್ಲ. ಆದರೆ ಸಮಾರ್ಯದವನು ತೋರಿಸಿದ ಕರುಣೆಯ ಜೊತೆಗೆ ಅವನ ಧೈರ್ಯವೂ ಆಗ ಕಾಣುತ್ತದೆ. ಗಾಯಾಳುವನ್ನು ತನ್ನ ಪ್ರಾಣಿಯ ಮೇಲೆ ಕೂರಿಸಿಕೊಂಡು ಆ ದಾರಿಯಲ್ಲಿ ನಿಧಾನವಾಗಿ ನಡೆದ. ಛತ್ರದವನಿಗೆ 2 ದಿನಾರಿ ಕೊಟ್ಟ, ಅಂದರೆ ಕೂಲಿಯವನ ಎರಡು ದಿನದ ಸಂಪಾದನೆ. ಜಾಸ್ತಿ ಖರ್ಚಾದರೆ ವಾಪಸು ಬರುವಾಗ ಕೊಡ್ತೀನಿ ಅಂತ ಹೊಣೆಯನ್ನೂ ಹೊತ್ತ. ಜೊತೆಗಾರನಿಲ್ಲದವನಿಗೆ ಜೊತೆಗಾರ ಮಾಡಬೇಕಾದ ಕೆಲಸ ಅಷ್ಟನ್ನೂ ಒಬ್ಬ ಶತ್ರು ಜನಾಂಗದವನು ಮಾಡಿದ.

ಒಬ್ಬನಿಗಿಂತ ಇಬ್ಬರು ಲೇಸು ಅನ್ನುವ, ಬೈಬಲ್ಲಿನ 'ಪ್ರಸಂಗಿ' ಪುಸ್ತಕದ ನಾಲ್ಕನೇ ಅಧ್ಯಾಯದ ಮಾತನ್ನು ಈಗ ಮದುವೆಗಳಲ್ಲಿ ಓದುತ್ತಾರೆ. ಅದು ಕೊಡುವ ಕಾರಣಗಳನ್ನು ನೋಡಿದರೆ ದಾರಿಹೋಕರ ಮಾತಿನ ಹಾಗೆಯೇ ಇದೆ. ಒಬ್ಬ ಬಿದ್ದರೆ ಇನ್ನೊಬ್ಬ ಎತ್ತುತ್ತಾನೆ. ಇಬ್ಬರು ಒಟ್ಟಿಗೆ ಮಲಗಿದರೆ ಬೆಚ್ಚಗಿರುತ್ತದೆ. ಒಬ್ಬನ ಮೇಲೆ ಯಾರಾದರೂ ಬಿದ್ದರೆ ಇಬ್ಬರಾಗಿ ಎದುರಿಸಬಹುದು. ಚಳಿಯ ವಿಷಯ ಸಣ್ಣದಲ್ಲ. ಯೆಹೂದದ ಬೆಟ್ಟಗಳಲ್ಲಿ, ಮರುಭೂಮಿಯ ಅಂಚಿನಲ್ಲಿ ರಾತ್ರಿ ಚೆನ್ನಾಗಿಯೇ ಕೊರೆಯುತ್ತದೆ. ಹಗಲು ಹೊದ್ದ ಮೇಲುಹೊದಿಕೆಯೇ ರಾತ್ರಿ ಕಂಬಳಿ. ಅದಕ್ಕೇ ಬಡವನ ಹೊದಿಕೆಯನ್ನು ಅಡವಾಗಿ ಇಟ್ಟುಕೊಂಡರೆ ಸೂರ್ಯ ಮುಳುಗುವುದರೊಳಗೆ ವಾಪಸು ಕೊಡಬೇಕು, ಇಲ್ಲದಿದ್ದರೆ ಅವನು ಏನು ಹೊದ್ದು ಮಲಗಬೇಕು ಅಂತ ವಿಮೋಚನಕಾಂಡ ಕೇಳುತ್ತದೆ. ಈ ಹೊದಿಕೆಯನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ರೂತಳ ಕಥೆಯನ್ನೂ ದಾರಿಯ ಕಣ್ಣಿನಿಂದ ನೋಡಬೇಕು. ಮೋವಾಬಿನಿಂದ ಬೇತ್ಲೆಹೇಮಿಗೆ ಬರುವುದು ಅಂದರೆ ಎತ್ತರದ ಪ್ರಸ್ಥಭೂಮಿಯಿಂದ ಮೃತಸಮುದ್ರದ ತಗ್ಗಿಗೆ ಇಳಿದು, ಮತ್ತೆ ಈ ಕಡೆಯ ಬೆಟ್ಟ ಹತ್ತಬೇಕು. ಹೊರಟವರು ಗಂಡಸಿನ ಆಸರೆ ಇಲ್ಲದ ವಿಧವೆಯರು. ನಿಮ್ಮ ನಿಮ್ಮ ತಾಯಿಯ ಮನೆಗೆ ಹೋಗಿ ಅಂತ ಅತ್ತೆ ನವೊಮಿ ರೂತಳಿಗೂ ಇನ್ನೊಬ್ಬ ಸೊಸೆಗೂ ಹೇಳುವುದು ಸುಮ್ನೆ ಉಪಚಾರದ ಮಾತಲ್ಲ. ಅದಕ್ಕೆ ರೂತ್ ಕೊಟ್ಟ ಉತ್ತರದಲ್ಲಿ ಎಲ್ಲರಿಗೂ ನೆನಪಿರುವುದು ನೀನು ಹೋದಲ್ಲಿಗೆ ನಾನೂ ಬರುತ್ತೇನೆ ಅನ್ನುವ ಭಾಗ. ಆದರೆ ಅವಳು ಅಲ್ಲಿಗೆ ನಿಲ್ಲಿಸುವುದಿಲ್ಲ. ನೀನು ಸಾಯುವಲ್ಲಿ ನಾನೂ ಸತ್ತು ಅಲ್ಲೇ ಮಣ್ಣಾಗುತ್ತೇನೆ ಅನ್ನುತ್ತಾಳೆ. ಹುಟ್ಟಿದ ಊರಿಂದ ದೂರ, ತನ್ನವರು ಯಾರೂ ಇಲ್ಲದ ಕಡೆ ಸಾಯುವುದು ಆ ಕಾಲದವರ ದೊಡ್ಡ ಹೆದರಿಕೆ. ಯಾಕೋಬನ ಹೆಂಡತಿ ರಾಹೇಲಳು ಹೀಗೆ ದಾರಿಯಲ್ಲೇ ಹೆರಿಗೆಯಾಗಿ ಸತ್ತಳು, ಅವನು ಅವಳನ್ನು ದಾರಿಯ ಪಕ್ಕದಲ್ಲೇ ಹೂಳಬೇಕಾಯಿತು. ಆ ಹೆದರಿಕೆಯನ್ನು ಗೊತ್ತಿದ್ದೂ ಹೊತ್ತುಕೊಂಡಳಲ್ಲ, ರೂತಳ ಮಾತಿನ ತೂಕ ಇರುವುದು ಅಲ್ಲೇ.

ಜೊತೆಗಾರರ ಇನ್ನೊಂದು ಕೆಲಸ ಹಣಕ್ಕೆ ಸಾಕ್ಷಿಯಾಗುವುದು. ಇದಕ್ಕೆ ಯಾಜಕನೂ ಶಾಸ್ತ್ರಿಯೂ ಆಗಿದ್ದ ಎಜ್ರನ ಪ್ರಯಾಣಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಕ್ರಿ.ಪೂ. 458 ಅಂತ ಸಾಮಾನ್ಯವಾಗಿ ಲೆಕ್ಕ ಹಾಕುವ ವರ್ಷದಲ್ಲಿ, ಸುಮಾರು 1500 ಗಂಡಸರು, ಜೊತೆಗೆ ಮನೆಮಂದಿ, ಬಾಬಿಲೋನಿನಿಂದ ಯೆರೂಸಲೇಮಿಗೆ ಹೊರಟರು. ಮೊದಲ ತಿಂಗಳಲ್ಲಿ ಹೊರಟವರು ಐದನೇ ತಿಂಗಳ ಮೊದಲ ದಿನ ತಲುಪಿದರು. ಕೈಯಲ್ಲಿ ದೇವಾಲಯಕ್ಕೆ ಕೊಟ್ಟ 650 ತಲಾಂತು ಬೆಳ್ಳಿ, 100 ತಲಾಂತು ಚಿನ್ನ. ಒಂದು ತಲಾಂತು ಅಂದರೆ ಸುಮಾರು 30 ಕಿಲೋ, ಹಾಗಾಗಿ ಬೆಳ್ಳಿ ಒಂದೇ ಹತ್ತಿರ ಹತ್ತಿರ 20 ಟನ್. ದೇವರು ನಮ್ಮನ್ನು ಕಾಯುತ್ತಾನೆ ಅಂತ ಪರ್ಷಿಯದ ರಾಜನಿಗೆ ಮೊದಲೇ ಹೇಳಿಬಿಟ್ಟಿದ್ದರಿಂದ ಕಾವಲಿಗೆ ಸೈನಿಕರನ್ನು ಕೇಳೋಕೆ ನಾಚಿಕೆಯಾಯಿತು ಅಂತ ಎಜ್ರ ಸ್ವತಃ ಬರೆಯುತ್ತಾನೆ. ಎಷ್ಟು ಪ್ರಾಮಾಣಿಕವಾದ ಮಾತು! ಅಹವಾ ನದಿಯ ಹತ್ತಿರ ಎಲ್ಲರೂ ಉಪವಾಸ ಮಾಡಿ ಹೊರಟರು. ಆದರೆ ಎಜ್ರ ಲೆಕ್ಕವನ್ನು ಮಾತ್ರ ಬಿಗಿಯಾಗಿ ಹಿಡಿದ. ಹೊರಡುವ ಮೊದಲು ಬೆಳ್ಳಿ ಬಂಗಾರವನ್ನೆಲ್ಲ ತೂಕ ಮಾಡಿ ಯಾಜಕರ ಕೈಗೆ ಕೊಟ್ಟ, ತಲುಪಿ ಮೂರು ದಿನ ಆದ ಮೇಲೆ ಮತ್ತೆ ತೂಕ ಮಾಡಿ ಬರೆಸಿದ. ಮುಂದೆ ಯೆರೂಸಲೇಮಿಗೆ ಬಂದ ನೆಹೆಮೀಯ ರಾಜ ಕೊಟ್ಟ ಸೇನಾಧಿಕಾರಿಗಳನ್ನೂ ಕುದುರೆ ಸವಾರರನ್ನೂ, ಅಧಿಪತಿಗಳಿಗೆ ತೋರಿಸುವ ಪತ್ರಗಳನ್ನೂ ತಂದ. ಬೈಬಲ್ ಇಬ್ಬರಲ್ಲಿ ಯಾರನ್ನೂ ತಪ್ಪು ಅನ್ನುವುದಿಲ್ಲ.

ಸುಮಾರು 500 ವರ್ಷ ಕಳೆದ ಮೇಲೆ, ಊರೂರು ತಿರುಗಿ ಸುವಾರ್ತೆ ಸಾರಿದ ಅಪೊಸ್ತಲ ಪೌಲ ಇದನ್ನೇ ಮಾಡಿದ. ಯೆರೂಸಲೇಮಿನ ಬಡವರಿಗಾಗಿ ಗ್ರೀಸ್ ಕಡೆಯ ಮಕೆದೋನ್ಯ, ಅಖಾಯದ ಕ್ರೈಸ್ತ ಸಭೆಗಳಲ್ಲಿ ಹಣ ಒಟ್ಟು ಮಾಡಿದಾಗ, ನೀವೇ ಒಪ್ಪಿದ ಜನರ ಕೈಯಲ್ಲಿ ಕಳುಹಿಸೋಣ, ಬೇಕಾದರೆ ನಾನೂ ಜೊತೆಗೆ ಹೋಗ್ತೀನಿ ಅಂತ ಕೊರಿಂಥದವರಿಗೆ ಬರೆದ. ಈ ಹಣದ ವಿಷಯದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು ಅಂತ ಎರಡನೇ ಪತ್ರದಲ್ಲಿ ಬಿಡಿಸಿಯೇ ಹೇಳಿದ. ಈಗ ಲೂಕನದೇ ಅಂತ ಹೇಳುವ ಇನ್ನೊಂದು ಪುಸ್ತಕ, ಅಪೊಸ್ತಲರ ಕೃತ್ಯಗಳ 20ನೇ ಅಧ್ಯಾಯದ ನಾಲ್ಕನೇ ವಚನ ತೆಗೆಯಿರಿ. ಬೆರೋಯದ ಸೋಪತ್ರ, ಥೆಸಲೊನೀಕದ ಅರಿಸ್ತಾರ್ಕ ಮತ್ತು ಸೆಕುಂದ, ದೆರ್ಬೆಯ ಗಾಯ, ತಿಮೊಥೆಯ, ಆಸ್ಯದ ತುಖಿಕ ಮತ್ತು ತ್ರೊಫಿಮ. ಏಳು ಹೆಸರು, ತಿಮೊಥೆಯನದು ಬಿಟ್ಟರೆ ಒಂದೊಂದಕ್ಕೂ ಊರಿನದೋ ಪ್ರಾಂತ್ಯದ್ದೋ ಹೆಸರು ಅಂಟಿಕೊಂಡಿದೆ. ಇವರು ಆ ಹಣ ಕೊಟ್ಟ ಸಭೆಗಳ ಪರವಾಗಿ ಹೊರಟವರು ಅಂತ ಬಹಳ ವಿದ್ವಾಂಸರು ಓದುತ್ತಾರೆ, ನನಗೂ ಅದೇ ಸರಿ ಅನಿಸುತ್ತದೆ. ಆಗತಾನೇ ಪೌಲನ ವಿರುದ್ಧ ಸಂಚೊಂದು ಬಯಲಾಗಿತ್ತು. ಹಡಗು ಹತ್ತುವ ಯೋಚನೆ ಬಿಟ್ಟು ಮಕೆದೋನ್ಯದ ಮೇಲೆ ಸುತ್ತಿಕೊಂಡು ಹೊರಟಿದ್ದ. ಹಣ ಇದ್ದ ಕೈ, ಪ್ರಾಣಕ್ಕೆ ಅಪಾಯ, ಏಳು ಜನ ಜೊತೆ. ಒಣ ಪಟ್ಟಿಯ ಹಾಗೆ ಕಾಣುವ ವಚನ ಅದು, ಅಲ್ವಾ?

ಯೇಸು ಶಿಷ್ಯರನ್ನು ಇಬ್ಬಿಬ್ಬರಾಗಿ ಕಳುಹಿಸಿದ್ದರಲ್ಲೂ ಈ ಸಾಕ್ಷಿಯ ಲೆಕ್ಕ ಇದೆ. ಒಬ್ಬನ ಮಾತು ಸಾಲದು, ಇಬ್ಬರು ಮೂವರ ಸಾಕ್ಷಿ ಬೇಕು ಅನ್ನುವುದು ಧರ್ಮೋಪದೇಶಕಾಂಡದ ನಿಯಮ. ಆದರೆ ಆ ಕಳುಹಿಸುವಿಕೆಯಲ್ಲಿ ಆಶ್ಚರ್ಯ ಹುಟ್ಟಿಸುವುದು ಬೇರೆ ವಿಷಯ. ರೊಟ್ಟಿ ಬೇಡ, ಚೀಲ ಬೇಡ, ಸೊಂಟಪಟ್ಟಿಯಲ್ಲಿ ದುಡ್ಡು ಬೇಡ. ಮಾರ್ಕನ ಸುವಾರ್ತೆಯ ಪ್ರಕಾರ ಕೋಲು ಇರಬಹುದು, ಮತ್ತಾಯ ಮತ್ತು ಲೂಕನ ಸುವಾರ್ತೆಗಳ ಪ್ರಕಾರ ಅದೂ ಬೇಡ. ಹಾಗಾದರೆ ಊಟ ಎಲ್ಲಿ, ಮಲಗುವುದು ಎಲ್ಲಿ? ಯಾರೋ ಬಾಗಿಲು ತೆಗೆಯಬೇಕು. ಇಂಥ ಪದ್ಧತಿ ಆಗ ಪೂರ್ತಿ ಹೊಸದೇನಲ್ಲ. ಎಸ್ಸೀನರು ಅನ್ನುವ ಪಂಥದವರು ಪ್ರಯಾಣಕ್ಕೆ ಏನನ್ನೂ ಒಯ್ಯುತ್ತಿರಲಿಲ್ಲ, ಕಳ್ಳರ ಭಯಕ್ಕೆ ಆಯುಧ ಮಾತ್ರ ಇಟ್ಟುಕೊಳ್ಳುತ್ತಿದ್ದರು, ಪ್ರತಿ ಊರಿನಲ್ಲೂ ಅವರಿಗೆ ಬಟ್ಟೆ, ಊಟ ನೋಡಿಕೊಳ್ಳೋಕೆ ಒಬ್ಬ ಇರುತ್ತಿದ್ದ ಅಂತ ಜೋಸೆಫಸ್ ಬರೆದಿದ್ದಾನೆ. ಯೇಸುವಿನ ಶಿಷ್ಯರಿಗೆ ಆಯುಧವೂ ಇಲ್ಲ, ಮೊದಲೇ ಗೊತ್ತು ಮಾಡಿದ ಮನೆಯೂ ಇಲ್ಲ. ಇದ್ದದ್ದು ಪಕ್ಕದಲ್ಲಿ ನಡೆಯುವ ಇನ್ನೊಬ್ಬ ಶಿಷ್ಯ ಮಾತ್ರ. ಯೇಸುವಿನ ಜೊತೆ ಊರೂರು ತಿರುಗಿದ ಗುಂಪಿನ ಖರ್ಚನ್ನು ಮಗ್ದಲದ ಮರಿಯಳು, ಹೆರೋದನ ಅಧಿಕಾರಿ ಕೂಜನ ಹೆಂಡತಿ ಯೋಹಾನಳು, ಸುಸನ್ನಳು ಮತ್ತು ಇನ್ನೂ ಅನೇಕ ಹೆಂಗಸರು ತಮ್ಮ ಆಸ್ತಿಯಿಂದ ನೋಡಿಕೊಳ್ಳುತ್ತಿದ್ದರು ಅಂತ ಲೂಕನ ಎಂಟನೇ ಅಧ್ಯಾಯ ಹೇಳುತ್ತದೆ. ಇದನ್ನು ಪ್ರಸಂಗಗಳಲ್ಲಿ ಇನ್ನೂ ಜಾಸ್ತಿ ಹೇಳಬೇಕು.

ದುಡ್ಡು ಕೊಟ್ಟು ಉಳಿಯುವ ಛತ್ರಗಳು ಇದ್ದವು. ಆದರೆ ರೋಮನ್ ಕಾಲದ ಬರಹಗಳಲ್ಲಿ ಅವಕ್ಕೆ ಒಳ್ಳೆಯ ಹೆಸರಿಲ್ಲ. ಕೊಳಕು, ಕಳ್ಳತನ, ಸೂಳೆಗಾರಿಕೆಯ ದೂರು ಮತ್ತೆ ಮತ್ತೆ ಬರುತ್ತದೆ. ಹಾಗಾಗಿ ಜನ ತಮ್ಮವರ ಮನೆಯನ್ನೋ ಸಭಾಮಂದಿರವನ್ನೋ ಹುಡುಕುತ್ತಿದ್ದರು. ಯೆರೂಸಲೇಮಿನಲ್ಲಿ 1913ರ ಸುಮಾರಿಗೆ ಒಂದು ಗ್ರೀಕ್ ಶಾಸನ ಸಿಕ್ಕಿತು. ಥಿಯೊಡೋಟಸ್ ಅನ್ನುವವನು ಧರ್ಮಶಾಸ್ತ್ರ ಓದೋಕೆ ಸಭಾಮಂದಿರ ಕಟ್ಟಿಸಿ, ದೂರದಿಂದ ಬಂದು ಜಾಗ ಬೇಕಾದವರಿಗೆ ಕೋಣೆಗಳನ್ನೂ ನೀರಿನ ವ್ಯವಸ್ಥೆಯನ್ನೂ ಮಾಡಿಸಿದ ಅಂತ ಅದರಲ್ಲಿ ಇದೆ. ಕ್ರಿ.ಶ. 70ರಲ್ಲಿ ದೇವಾಲಯ ನಾಶವಾಗುವುದಕ್ಕಿಂತ ಮುಂಚಿನದು ಅಂತ ಹೆಚ್ಚಿನವರ ಅಭಿಪ್ರಾಯ.

ಅಪರಿಚಿತನನ್ನು ಮನೆಗೆ ಸೇರಿಸಿಕೊಳ್ಳೋಕೆ ಏನಾದರೂ ಭರವಸೆ ಬೇಕು. ಅದು ಪತ್ರ. ಪೌಲ ರೋಮಾಪುರದವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯ ಶುರುವಾಗುವುದೇ ಕೆಂಖ್ರೆಯ ಫೊಯಿಬೆ ಅನ್ನುವ ಹೆಂಗಸನ್ನು ಚೆನ್ನಾಗಿ ಸೇರಿಸಿಕೊಳ್ಳಿ ಅನ್ನುವ ಮಾತಿನಿಂದ. ಆ ಪತ್ರವನ್ನು ರೋಮಿಗೆ ಒಯ್ದವಳು ಅವಳೇ ಅಂತ ಸಾಮಾನ್ಯವಾಗಿ ಒಪ್ಪುತ್ತಾರೆ. ಅಗಸ್ತಸ್ ಚಕ್ರವರ್ತಿ ಶುರು ಮಾಡಿದ ಅಂಚೆ ಸರ್ಕಾರದ ಕೆಲಸಕ್ಕೆ ಮಾತ್ರ ಇತ್ತು, ಬೇರೆಯವರ ಪತ್ರ ಹೋಗುವವರ ಕೈಯಲ್ಲೇ ಹೋಗಬೇಕು. ನನ್ನ ವಿಷಯವನ್ನೆಲ್ಲ ತುಖಿಕ ನಿಮಗೆ ತಿಳಿಸುತ್ತಾನೆ ಅಂತ ಕೊಲೊಸ್ಸೆಯವರಿಗೆ ಬರೆದದ್ದು ಇದಕ್ಕೇ. ಪತ್ರದಲ್ಲಿ ಹಿಡಿಸದ್ದು, ಬರೆಯೋಕೆ ಆಗದ್ದು ತಂದವನ ಬಾಯಲ್ಲಿ ಬರುತ್ತಿತ್ತು. ಫಿಲಿಪ್ಪಿಯಿಂದ ಪೌಲನಿಗೆ ಸಹಾಯ ಹೊತ್ತು ತಂದ ಎಪಫ್ರೊದೀತ ಕಾಯಿಲೆ ಬಿದ್ದು ಸಾವಿನ ಹತ್ತಿರ ಹೋಗಿಬಂದ.

ಒಳ್ಳೆಯ ಪದ್ಧತಿ ಇದ್ದಲ್ಲಿ ಅದನ್ನು ಬಳಸಿಕೊಳ್ಳುವವರೂ ಬರುತ್ತಾರೆ. 'ದಿದಾಖೆ' ಅನ್ನುವ ಹಳೆಯ ಕ್ರೈಸ್ತ ಕೈಪಿಡಿ ಇದಕ್ಕೆ ನೇರ ನಿಯಮ ಮಾಡಿದೆ. ಬಂದ ಅಪೊಸ್ತಲನನ್ನು ಕರ್ತನನ್ನೇ ಸೇರಿಸಿಕೊಂಡ ಹಾಗೆ ಸೇರಿಸಿಕೊಳ್ಳಿ. ಒಂದು ದಿನ ಇರಬಹುದು, ಬೇಕಾದರೆ ಎರಡು ದಿನ. ಮೂರು ದಿನ ಉಳಿದರೆ ಅವನು ಸುಳ್ಳು ಪ್ರವಾದಿ. ಹೊರಡುವಾಗ ಮುಂದಿನ ತಂಗುವ ಜಾಗದವರೆಗೆ ಸಾಕಾಗುವಷ್ಟು ರೊಟ್ಟಿ ಕೊಡಿ. ದುಡ್ಡು ಕೇಳಿದರೆ ಅವನೂ ಸುಳ್ಳು ಪ್ರವಾದಿ. ಸುಮ್ನೆ ಒಂದು ಕಡೆ ಕೂತು ಬರೆದ ನಿಯಮಗಳ ಹಾಗೆ ಇವು ಕಾಣುವುದಿಲ್ಲ, ಮನೆ ಬಾಗಿಲಲ್ಲಿ ಪೆಟ್ಟು ತಿಂದವರು ಮಾಡಿದ ನಿಯಮಗಳಿವು.

ಬೀಳ್ಕೊಡುವುದೂ ಜೊತೆಯ ಭಾಗವೇ ಆಗಿತ್ತು. ತೂರಿನಲ್ಲಿ ಹೆಂಡತಿ ಮಕ್ಕಳ ಸಮೇತ ಎಲ್ಲರೂ ಊರಾಚೆವರೆಗೆ ಬಂದು ಪೌಲನ ಗುಂಪನ್ನು ಹಡಗು ಹತ್ತಿಸಿದರು. ಬೆರೋಯದವರಂತೂ ಪೌಲನನ್ನು ಅಥೇನೆಯವರೆಗೆ ಕರೆದುಕೊಂಡು ಹೋಗಿ ಬಿಟ್ಟು ಬಂದರು.

ಸಮುದ್ರದ ವಿಷಯ ಬೇರೆ. ಜನರನ್ನು ಸಾಗಿಸೋಕೆ ಅಂತಲೇ ಹಡಗು ಇರಲಿಲ್ಲ, ಸರಕಿನ ಹಡಗಿನಲ್ಲಿ ಜಾಗ ಹಿಡಿದು, ಊಟ ಹಾಸಿಗೆ ತಾವೇ ತಂದುಕೊಂಡು ಹೋಗಬೇಕು. ರೋಮನ್ ಲೇಖಕ ವೆಜೀಟಿಯಸ್ ಪ್ರಕಾರ ನವೆಂಬರ್ 11ರಿಂದ ಮಾರ್ಚ್ 10ರವರೆಗೆ ಸಮುದ್ರ ಮುಚ್ಚಿದ ಹಾಗೆ. ಅದಕ್ಕೆ ಮುಂಚಿನ ಕೆಲವು ವಾರಗಳೂ ಅಪಾಯದವೇ, ಕೈದಿಯಾಗಿ ರೋಮಿಗೆ ಹೊರಟ ಪೌಲನ ಹಡಗು ಸಿಕ್ಕಿಕೊಂಡದ್ದು ಆ ಹೊತ್ತಿನಲ್ಲಿ. ಯೆಹೂದಿಗಳ ದೋಷಪರಿಹಾರದ ಉಪವಾಸದ ದಿನ ಆಗಲೇ ಕಳೆದಿತ್ತು ಅಂತ ಲೂಕ ಹೇಳುತ್ತಾನೆ, ಅಂದರೆ ಸೆಪ್ಟೆಂಬರ್ ಕೊನೆಯೋ ಅಕ್ಟೋಬರೋ. ಹಡಗಿನಲ್ಲಿ 276 ಜನ. ಹದಿನಾಲ್ಕು ರಾತ್ರಿ ಬಿರುಗಾಳಿ, ಕೊನೆಗೆ ಮಾಲ್ಟಾ ದಡದಲ್ಲಿ ಹಡಗು ಒಡೆಯಿತು, ಎಲ್ಲರೂ ಬದುಕಿದರು. ಅಲ್ಲಿ ಕೈದಿಯ ಜೊತೆ ಸ್ವಂತ ಇಷ್ಟದಿಂದ ಹೋದವರಿದ್ದರು. ಅರಿಸ್ತಾರ್ಕ ಇದ್ದ, 'ನಾವು' ಅಂತ ಕಥೆ ಹೇಳುವವನಿದ್ದ. ಚಳಿಗಾಲ ಕಳೆದು ಇಟಲಿ ತಲುಪಿದ ಮೇಲೆ ಒಂದು ಸಣ್ಣ ಘಟನೆ ನಡೆಯುತ್ತದೆ, ಅದು ನನಗೆ ತುಂಬಾ ಇಷ್ಟ. ಪೌಲ ಬರುತ್ತಿದ್ದಾನೆ ಅಂತ ಕೇಳಿ ರೋಮಿನ ವಿಶ್ವಾಸಿಗಳು ಎದುರುಗೊಳ್ಳೋಕೆ ಹೊರಟರು. ಕೆಲವರು ರೋಮಿನಿಂದ ಸುಮಾರು 50 ಕಿಲೋಮೀಟರ್ ದೂರದ 'ಮೂರು ಛತ್ರ'ದವರೆಗೆ, ಇನ್ನು ಕೆಲವರು ಸುಮಾರು 65 ಕಿಲೋಮೀಟರ್ ದೂರದ ಅಪ್ಪಿಯ ಪೇಟೆಯವರೆಗೆ. ಅಂದರೆ ಎರಡು ದಿನದ ನಡಿಗೆ, ಸಂಕೋಲೆಯಲ್ಲಿರುವ ಒಬ್ಬ ಕೈದಿಗಾಗಿ. ಅವರನ್ನು ನೋಡಿ ಪೌಲ ದೇವರಿಗೆ ಸ್ತೋತ್ರ ಮಾಡಿ ಧೈರ್ಯ ತಂದುಕೊಂಡ ಅಂತ ಬರೆದಿದೆ. ಬಿರುಗಾಳಿಯಲ್ಲಿ ಇಡೀ ಹಡಗಿಗೆ ಧೈರ್ಯ ಹೇಳಿದ ಮನುಷ್ಯನಿಗೂ ಧೈರ್ಯ ಬೇಕಿತ್ತು.

ಜೊತೆ ಮುರಿದ ಕಥೆಯನ್ನೂ ಬೈಬಲ್ ಮುಚ್ಚಿಡುವುದಿಲ್ಲ. ಸುವಾರ್ತೆ ಸಾರುವ ಮೊದಲ ಪ್ರಯಾಣದಲ್ಲಿ ಪೌಲ ಮತ್ತು ಅವನ ಜೊತೆಗಾರ ಬಾರ್ನಬನ ಜೊತೆ ಹೊರಟ ಯುವಕ ಮಾರ್ಕ ಪಂಫುಲ್ಯದ ಪೆರ್ಗೆಯಲ್ಲಿ ಅವರನ್ನು ಬಿಟ್ಟು ವಾಪಸಾದ. ಯಾಕೆ ಅಂತ ಲೂಕ ಹೇಳುವುದಿಲ್ಲ. ಅಲ್ಲಿಂದ ಮುಂದಿನ ದಾರಿ ಟಾರಸ್ ಬೆಟ್ಟಗಳನ್ನು ದಾಟಿ ಹೋಗುತ್ತದೆ ಅನ್ನುವುದು ಮಾತ್ರ ಗೊತ್ತು. ಎರಡನೇ ಪ್ರಯಾಣಕ್ಕೆ ಅವನನ್ನು ಕರೆದುಕೊಂಡು ಹೋಗೋಣ ಅಂತ ಬಾರ್ನಬ, ನಡುದಾರಿಯಲ್ಲಿ ಕೈಬಿಟ್ಟವನು ಬೇಡ ಅಂತ ಪೌಲ. ಜಗಳ ಎಷ್ಟು ಜೋರಾಯಿತು ಅಂದರೆ ಇಬ್ಬರೂ ಬೇರೆಯಾದರು. ಬಾರ್ನಬ ಮಾರ್ಕನನ್ನು ಕರೆದುಕೊಂಡು ಕುಪ್ರದ್ವೀಪಕ್ಕೆ, ಪೌಲ ಸೀಲನ ಜೊತೆ ಸಿರಿಯದ ಕಡೆಗೆ. ಪೌಲನ ಕೋಪವನ್ನು ಸುಮ್ನೆ ಹಠ ಅಂತ ತಳ್ಳಿಹಾಕುವುದು ಸುಲಭ. ಆದರೆ ನದಿಯ ಅಪಾಯ, ಕಳ್ಳರ ಅಪಾಯ, ಅಡವಿಯ ಅಪಾಯ ಅಂತ ಕೊರಿಂಥದವರಿಗೆ ಪಟ್ಟಿ ಕೊಟ್ಟವನು ಅವನು, ಮೂರು ಸಲ ಹಡಗು ಒಡೆದು ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ಕಳೆದವನು. ಅಂಥವನಿಗೆ ಜೊತೆಗಾರ ಬಿಟ್ಟು ಹೋಗುವುದು ಅಂದರೆ ಪ್ರಾಣದ ವಿಷಯ. ಅದೇ ಹೊತ್ತಿಗೆ ಬಾರ್ನಬನೂ ಸರಿ ಅಂತ ನಾನು ನಂಬುತ್ತೇನೆ. ಅವನು ಇನ್ನೊಂದು ಅವಕಾಶ ಕೊಟ್ಟ, ಆ ಹುಡುಗ ಉಳಿದುಕೊಂಡ. ಮುಂದೆ ಕೊಲೊಸ್ಸೆಯವರಿಗೂ ಫಿಲೆಮೋನನಿಗೂ ಬರೆದ ಪತ್ರಗಳಲ್ಲಿ ಮಾರ್ಕ ಮತ್ತೆ ಪೌಲನ ಪಕ್ಕದಲ್ಲಿದ್ದಾನೆ.

ತಿಮೊಥೆಯನಿಗೆ ಬರೆದ ಎರಡನೇ ಪತ್ರ ಪೌಲನದೇ ಹೌದೋ ಅಲ್ವೋ ಅನ್ನುವ ಚರ್ಚೆ ವಿದ್ವಾಂಸರಲ್ಲಿ ಇದೆ. ಆದರೆ ಅದರ ಕೊನೆಯ ಅಧ್ಯಾಯದಷ್ಟು ಪ್ರಯಾಣದ ವಾಸ್ತವ ತುಂಬಿದ ಪುಟ ಹೊಸ ಒಡಂಬಡಿಕೆಯಲ್ಲಿ ಕಡಿಮೆ. ದೇಮ ಬಿಟ್ಟು ಥೆಸಲೊನೀಕಕ್ಕೆ ಹೋದ, ತೀತ ದಲ್ಮಾತ್ಯಕ್ಕೆ ಹೋದ, ತುಖಿಕನನ್ನು ಎಫೆಸಕ್ಕೆ ಕಳುಹಿಸಿದೆ, ಲೂಕ ಒಬ್ಬನೇ ಜೊತೆಯಲ್ಲಿದ್ದಾನೆ. ಬರುವಾಗ ತ್ರೋವದಲ್ಲಿ ಕರ್ಪನ ಹತ್ತಿರ ಬಿಟ್ಟು ಬಂದ ಹೊದಿಕೆ ತಾ, ಪುಸ್ತಕಗಳನ್ನೂ ತಾ, ಚಳಿಗಾಲಕ್ಕೆ ಮುಂಚೆ ಬಾ. ಸೆರೆಯಲ್ಲಿರುವವನಿಗೆ ಚಳಿಯಲ್ಲಿ ಆ ಹೊದಿಕೆಯೇ ಹಾಸಿಗೆ, ಮತ್ತು ಸಮುದ್ರ ಮುಚ್ಚುವುದರೊಳಗೆ ಹೊರಡದಿದ್ದರೆ ತಿಮೊಥೆಯನಿಗೆ ಮಾರ್ಚ್‌ವರೆಗೆ ಹಡಗು ಸಿಗುವುದಿಲ್ಲ. ಇಷ್ಟರ ನಡುವೆ ಇನ್ನೊಂದು ಸಾಲು ಇದೆ: ಮಾರ್ಕನನ್ನೂ ಕರೆದುಕೊಂಡು ಬಾ, ಅವನು ನನಗೆ ಬೇಕು.